ಲಾರಿ ಹತ್ತುವ ಮುನ್ನ ಮಾಲೀಕನನ್ನು ನೋಡಿರಿ

(ಸಿಂಗಟಾಲೂರಿನ ತರುಣರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜ, ಗೊಬ್ಬರ, ಔಷಧಗಳ ಮಾತೇ ಬರುತ್ತದೆಂದು ತಾವು ತಿಳಿದಿರುವಿರಿ. ಅದು ಸಹಜ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಲಾರಿಯ ಸ್ಟಿಯರಿಂಗ್ ಹಿಡಿದವನಲ್ಲ. ಆದರೂ ಈ ಹೊತ್ತು ಲಾರಿಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಈಚೆಗೆ ಹೊಲದ ಬದುವಿನ ಮೇಲೆ ನಿಂತಾಗ ನಮ್ಮ ತರುಣರು ನನ್ನನ್ನು ಕೇಳುವ ಪ್ರಶ್ನೆ ಬದಲಾಗಿದೆ. “ಸರ್ರ, ಹೆವಿ ಲೈಸೆನ್ಸ್ ಕೈಗೆ ಬಂತ್ರಿ. ಯಾರ ಗಾಡಿ ಹತ್ಲಿ? ಯಾವ ಕಂಪನಿ ಚಲೋ?” ಎಂದು ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪೇನೂ ಇಲ್ಲ. ತುಂಗಭದ್ರೆ ನಮ್ಮ ಪಕ್ಕದಲ್ಲೇ ಹರಿಯುತ್ತಾಳೆ. ಏತ ನೀರಾವರಿ ಯೋಜನೆಗೆ ಸಿಂಗಟಾಲೂರಿನ ಹೆಸರೇ ಇದೆ. ಆದರೂ ತಾಲೂಕಿನಲ್ಲಿ ಮಳೆಯನ್ನೇ ನಂಬಿ ಬಿತ್ತುವ ಮನೆತನಗಳು ಬಹಳ. ನಾಲ್ಕೆಕರೆ ಎರೆಹೊಲದಲ್ಲಿ ಮೂವರು ಅಣ್ಣತಮ್ಮಂದಿರಿದ್ದರೆ ಒಬ್ಬನಾದರೂ ಹೊರಗೆ ದುಡಿದು ತರಬೇಕಾಗುತ್ತದೆ. ಲಾರಿ ನಡೆಸುವುದು ಮರ್ಯಾದೆಯ ಉದ್ಯೋಗ. ನಾವು ಬೆಳೆದ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ಪೇಟೆ ಮುಟ್ಟುವುದು ಯಾರೋ ಒಬ್ಬ ಚಾಲಕ ರಾತ್ರಿ ಎಚ್ಚರವಿದ್ದುದರಿಂದ ಎಂಬುದನ್ನು ನಾವು ಮರೆಯಕೂಡದು.

ನಮ್ಮ ಜಿಲ್ಲೆಗೆ ಲಾರಿಯ ಕಸುಬು ಹೊಸದೂ ಅಲ್ಲ. 1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಸರಕು ಸಾಗಾಣಿಕೆಯನ್ನು ಆರಂಭಿಸಿದರು. ಅದೇ ಮುಂದೆ ವಿ.ಆರ್.ಎಲ್. ಎಂಬ ಹೆಸರಿನಿಂದ ಬೆಳೆದು, ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು, ಸಾವಿರಾರು ಗಾಡಿಗಳ ಸಂಸ್ಥೆಯಾಯಿತು. 2015ರಲ್ಲಿ ಅದರ ಷೇರುಗಳು ಪೇಟೆಗೆ ಬಂದವು. ಇದನ್ನು ಕೇಳಿದ ನಮ್ಮ ಹುಡುಗರಿಗೆ ಹುರುಪು ಬರುತ್ತದೆ. ಬರಲಿ. ಆದರೆ ಅದು ಲಾರಿ ಕೊಂಡವರ ಕಥೆ. ಪಗಾರಕ್ಕೆ ಲಾರಿ ನಡೆಸುವವನು ಬೇರೆ ಲೆಕ್ಕವನ್ನು ನೋಡಿಕೊಳ್ಳಬೇಕು. ಒಂದು ಗಾಡಿಯ ಮಾಲೀಕರೂ ಇದ್ದಾರೆ, ಸಾವಿರ ಗಾಡಿಯ ಕಂಪನಿಗಳೂ ಇವೆ. ದೊಡ್ಡದು ಎಂದ ಮಾತ್ರಕ್ಕೆ ಒಳ್ಳೆಯದೆಂದಾಗಲಿ, ಚಿಕ್ಕದು ಎಂದ ಮಾತ್ರಕ್ಕೆ ಕೆಟ್ಟದೆಂದಾಗಲಿ ನಾನು ಹೇಳಲಾರೆ. ನೋಡಬೇಕಾದುದು ಬೇರೆಯೇ ಇದೆ. ಅದು ಏನೆಂಬುದು ನನಗೆ ತಿಳಿದದ್ದು ತಡವಾಗಿ, ಅದೂ ಬೇರೊಬ್ಬನ ಕಾಲಿನ ಬೆಲೆಗೆ. ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಸೋದರಮಾವನ ಮಗ ಹೊಸದಾಗಿ ಭಾರೀ ವಾಹನದ ಲೈಸೆನ್ಸು ಪಡೆದಿದ್ದ. ಅವನ ಮುಂದೆ ಎರಡು ದಾರಿಗಳಿದ್ದವು. ಒಂದು ಪಾರ್ಸಲ್ ಕಂಪನಿಯವರು, “ಆರು ತಿಂಗಳು ಹಳೆಯ ಚಾಲಕನ ಜೊತೆಗೆ ಎರಡನೆಯ ಚಾಲಕನಾಗಿ ಹೋಗು, ಪಗಾರ ಸ್ವಲ್ಪ ಕಡಿಮೆ” ಎಂದಿದ್ದರು. ಇನ್ನೊಬ್ಬ ಮಾಲೀಕ, “ನಾಳೆಯೇ ಹತ್ತು ಚಕ್ರದ ಗಾಡಿ ಕೈಗೆ ಕೊಡುತ್ತೇನೆ, 40,000 ರೂಪಾಯಿ ಮುಂಗಡವನ್ನೂ ಕೊಡುತ್ತೇನೆ” ಎಂದಿದ್ದ. ಮನೆಯಲ್ಲಿ ಕೊಳವೆಬಾವಿಯ ಸಾಲವಿತ್ತು. ನಮ್ಮತ್ತೆ ನನ್ನನ್ನು ಕರೆಸಿ, “ಅಳಿಯಾ, ನೀ ಓದಿದಾಂವ. ನೀ ಹೇಳಿದ್ದ ಖರೆ” ಎಂದರು. ನಾನು ಪಡಸಾಲೆಯಲ್ಲಿ ಕುಳಿತು, ಕಾಗದದ ಮೇಲೆ ಎರಡು ಕಾಲಮು ಎಳೆದು ಕೂಡಿಸಿದೆ. ಮುಂಗಡ ಕೊಡುವವನ ಕಾಲಮು ದೊಡ್ಡದಾಗಿ ಕಂಡಿತು. “ಅಲ್ಲಿಗೇ ಹೋಗಲಿ” ಎಂದೆ.

ಮಾಲೀಕನು ಮುಂಗಡ ಕೊಟ್ಟ ದಿನವೇ ಅವನ ಲೈಸೆನ್ಸನ್ನು ಇಸಿದುಕೊಂಡು ತನ್ನ ಕಪಾಟಿನಲ್ಲಿಟ್ಟ. ಐದು ತಿಂಗಳು ಹೇಗೋ ನಡೆಯಿತು. ಒಂದು ರಾತ್ರಿ ನನಗೆ ಫೋನು ಬಂತು. “ಅಣ್ಣಾ, ಎರಡ ರಾತ್ರಿ ಆತು ನಿದ್ದಿಲ್ಲ. ಕಣ್ಣ ಉರಿಯಾಕತ್ಯಾವ. ಗಾಡಿ ನಿಲ್ಲಸ್ತೀನಂದ್ರ ಮಾಲಕ್ರು ಬೈತಾರ” ಎಂದ. ನಾನು ಏನು ಹೇಳಿದೆ ಗೊತ್ತೇ? “ಇದೊಂದು ಟ್ರಿಪ್ ಮುಗಿಸಿಬಿಡು, ಆಮೇಲೆ ನೋಡೋಣ” ಎಂದೆ. ಬೆಳಗಿನ ಜಾವ ಗಾಡಿ ರಸ್ತೆ ಬಿಟ್ಟು ತಗ್ಗಿಗೆ ಬಿತ್ತು. ಪುಣ್ಯಕ್ಕೆ ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇವನ ಬಲಗಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿದ್ದಾಗ ಗಾಡಿಯ ಕಾಗದಗಳನ್ನು ತೆಗೆಸಿ ನೋಡಿದರೆ ವಿಮೆಯ ಅವಧಿ ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ಮಾಲೀಕನು ಒಮ್ಮೆ ಬಂದು ನೋಡಿದ. ಉಳಿದ ಮುಂಗಡವನ್ನು ತೀರಿಸಿ ಲೈಸೆನ್ಸು ಒಯ್ಯಿರಿ ಎಂದು ಹೇಳಿ ಹೋದ. ನಮ್ಮ ಮಾವ ಎತ್ತಿನ ಜೋಡಿಯನ್ನು ಮಾರಿದರು.

ಆ ಮಾಲೀಕನ ಹೆಸರು ಇಲ್ಲಿ ಬೇಡ. ಅವನನ್ನು ಬೈಯಲು ನಾನು ಬಂದಿಲ್ಲ. ನಾನು ಹಾಕಿದ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ತಮಗೆ ತೋರಿಸಲು ಬಂದಿದ್ದೇನೆ. ನನ್ನ ಕಾಗದದಲ್ಲಿ ಪಗಾರವಿತ್ತು, ಮುಂಗಡವಿತ್ತು, ಭತ್ತೆಯಿತ್ತು. ಒಂದು ಮಾತು ಮಾತ್ರ ಇರಲಿಲ್ಲ: ಗಾಡಿಯನ್ನು ನಿಲ್ಲಿಸುವ ಸ್ವಾತಂತ್ರ್ಯ ಅವನಿಗಿದೆಯೇ? ಮಿತ್ರರೇ, ಮೊದಲ ಮಾಲೀಕನನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು ಕೊಡುತ್ತೀರಿ?” ಎಂಬುದಲ್ಲ. “ನಿದ್ದೆ ಬಂದರೆ, ಬ್ರೇಕು ಸರಿಯಿಲ್ಲದಿದ್ದರೆ, ಭಾರ ಹೆಚ್ಚಾಗಿದ್ದರೆ ನಾನು ಗಾಡಿ ನಿಲ್ಲಿಸಬಹುದೇ?” ಎಂಬುದೇ ಮೊದಲ ಪ್ರಶ್ನೆ. ಬಾಯಿಂದ ಎಲ್ಲರೂ ಹೌದೆನ್ನುತ್ತಾರೆ. ನಿಜವಾದ ಉತ್ತರವನ್ನು ಬೇರೆ ಗುರುತುಗಳಿಂದ ತಿಳಿಯಬೇಕು. ಬೀಜದ ಚೀಲದ ಮೇಲಿನ ಚಿತ್ರವನ್ನು ನಂಬದೆ, ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸುತ್ತೇವಲ್ಲ, ಅದೇ ರೀತಿ. ಆ ಗುರುತುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಒಂದನೆಯದು, ಲೈಸೆನ್ಸು ಯಾರ ಕಿಸೆಯಲ್ಲಿರುತ್ತದೆ ಎಂಬುದು. ಮಾಲೀಕನು ನಿಮ್ಮ ಲೈಸೆನ್ಸನ್ನು ನೋಡಲಿ, ಅದರ ಪ್ರತಿ ಇಟ್ಟುಕೊಳ್ಳಲಿ. ಅದು ಅವನ ಕರ್ತವ್ಯ. ಆದರೆ ಮೂಲ ಲೈಸೆನ್ಸನ್ನೂ ಆಧಾರ್ ಕಾರ್ಡನ್ನೂ ಒತ್ತೆಯಾಗಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿರಿ. ಗಾಡಿ ನಡೆಸುವವನು ಲೈಸೆನ್ಸನ್ನು ತನ್ನ ಬಳಿಯೇ ಇಟ್ಟುಕೊಂಡು, ಕೇಳಿದಾಗ ತೋರಿಸಬೇಕೆಂಬುದು ಕಾಯಿದೆ. ಅದನ್ನು ಕಪಾಟಿನಲ್ಲಿಡುವವನು ನಿಮ್ಮನ್ನೂ ಅಲ್ಲಿಯೇ ಇಟ್ಟಂತೆ.

ಎರಡನೆಯದು, ಮುಂಗಡ. ಮುಂಗಡವೆಂಬುದು ಬಹುಮಾನವಲ್ಲ, ಸಾಲ. ತೀರುವವರೆಗೆ ನೀವು ಬಿಟ್ಟು ಬರಲಾರಿರಿ, ಎದುರು ಮಾತನಾಡಲಾರಿರಿ. ಮುಂಗಡದ ಸಾಲವನ್ನು ಮುಂದೆ ಮಾಡಿ ಆಳನ್ನು ಬಲವಂತದಿಂದ ದುಡಿಸಿಕೊಳ್ಳುವುದನ್ನು, ಬೇರೆ ಕಡೆ ಹೋಗದಂತೆ ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ನಿಷೇಧಿಸಿದೆ. ಆದರೆ ಕಾಯಿದೆಯ ಬಾಗಿಲಿಗೆ ಹೋಗುವವರೆಗೆ ಕಾಯುವುದೇಕೆ? ಮನೆಯಲ್ಲಿ ಹಣದ ಅಡಚಣೆಯಿದ್ದರೆ ಸಾಲವನ್ನು ಬೇರೆ ಕಡೆ, ದುಡಿಮೆಯನ್ನು ಬೇರೆ ಕಡೆ ಇಡಿರಿ. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಲ ಕೊಟ್ಟವನೇ ಒಡೆಯನಾಗಬಾರದು ಎಂಬ ಬುದ್ಧಿಯನ್ನು ನಮ್ಮ ಹಿರಿಯರು ಅಷ್ಟು ಹಿಂದೆಯೇ ತೋರಿಸಿದ್ದಾರೆ. ಸಂಘದಲ್ಲಿ, ಬ್ಯಾಂಕಿನಲ್ಲಿ, ತಾಯಂದಿರ ಸ್ವಸಹಾಯ ಗುಂಪಿನಲ್ಲಿ ಸಾಲ ಸಿಗುವುದಾದರೆ ಲಾರಿಯ ಮಾಲೀಕನಲ್ಲಿ ಕೈಯೊಡ್ಡಬೇಡಿರಿ.

ಮೂರನೆಯದು, ಗಾಡಿಯ ಆರೋಗ್ಯ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಏನು ಮಾಡುತ್ತೀರಿ? ಹಲ್ಲು ನೋಡುತ್ತೀರಿ, ಗೊರಸು ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಲಾರಿಗೂ ಅದೇ ಪರೀಕ್ಷೆ. ಟಯರಿನ ಗೀರುಗಳು ಸವೆದಿವೆಯೇ, ಬ್ರೇಕಿನ ಗಾಳಿ ಸೋರುತ್ತದೆಯೇ, ಹಿಂದಿನ ದೀಪಗಳು ಹತ್ತುತ್ತವೆಯೇ, ವೈಪರ್ ಓಡುತ್ತದೆಯೇ, ಸೀಟು ಬೆಲ್ಟು ಇದೆಯೇ ಎಂದು ಸುತ್ತು ಹಾಕಿ ನೋಡಿರಿ. ಇದಕ್ಕೆ ಸಿಟ್ಟಾಗುವ ಮಾಲೀಕನು ನಾಳೆ ದುರಸ್ತಿಗೆ ಹಣ ಕೇಳಿದಾಗಲೂ ಸಿಟ್ಟಾಗುತ್ತಾನೆ. ಕಾಗದಗಳನ್ನು ನೋಡಲು ಈಗ ಬಹಳ ಸುಲಭ. ಎಂ-ಪರಿವಾಹನ್ ಎಂಬ ಸರಕಾರದ ಆ್ಯಪಿನಲ್ಲಿ ಗಾಡಿಯ ನಂಬರು ಹಾಕಿದರೆ ವಿಮೆ ಎಂದು ಮುಗಿಯುತ್ತದೆ, ಎಫ್.ಸಿ. ಎಂದು ಮುಗಿಯುತ್ತದೆ ಎಂಬುದು ನಿಮ್ಮ ಫೋನಿನಲ್ಲಿಯೇ ಕಾಣುತ್ತದೆ. ಅಂದು ನಾನು ಐದು ನಿಮಿಷ ಇದನ್ನು ಮಾಡಿದ್ದರೆ ಒಂದು ಪಾಠ ಕಲಿಯುತ್ತಿದ್ದೆ. ಮಾಡಲಿಲ್ಲ. ಮತ್ತೊಂದು ಸಂಗತಿ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರೀ ಮತ್ತು ಮಧ್ಯಮ ಲಾರಿಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇದು ಸುಖದ ವಸ್ತುವಲ್ಲ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಇಂಜಿನ್ನಿನ ಪಕ್ಕ ಕುಳಿತವನಿಗೆ ಬಿಸಿಲೇ ಅರ್ಧ ಆಯಾಸ ತರುತ್ತದೆ.

ನಾಲ್ಕನೆಯದು, ಭಾರ. ಹತ್ತು ಚಕ್ರದ ಲಾರಿಗೆ ಗಾಡಿಯ ಸ್ವಂತ ತೂಕವೂ ಸೇರಿ ಮೊದಲು 25 ಟನ್ನಿನ ಮಿತಿಯಿತ್ತು. 2018ರಲ್ಲಿ ಕೇಂದ್ರ ಸರಕಾರವು ಅದನ್ನು 28.5 ಟನ್ನಿಗೆ ಏರಿಸಿತು. ಅದಕ್ಕೂ ಮೀರಿ ಹೇರುವವರಿದ್ದಾರೆ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಎಂದು ಬರೆದಿದೆ. ದಂಡ ಯಾರು ಕಟ್ಟುತ್ತಾರೆಂದು ಮೊದಲೇ ಕೇಳಿರಿ. “ರಸ್ತೆಯ ಮೇಲಿನದೆಲ್ಲಾ ಡ್ರೈವರನದು” ಎಂಬ ಉತ್ತರ ಬಂದರೆ, ಲಾಭ ಅವನಿಗೆ, ದಂಡ ನಿಮಗೆ ಎಂದು ತಿಳಿಯಿರಿ. ದಂಡಕ್ಕಿಂತ ದೊಡ್ಡದು ಬ್ರೇಕಿನ ಮಾತು. ಹತ್ತು ಚೀಲದ ಚಕ್ಕಡಿಗೆ ಇಪ್ಪತ್ತು ಚೀಲ ಹೇರಿ ಇಳಿಜಾರಿನಲ್ಲಿ ಬಿಟ್ಟರೆ ಎತ್ತಿನ ಗತಿ ಏನಾಗುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಐದನೆಯದು, ದುಡಿಯುವ ಗಂಟೆಗಳು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. ಆ ಕಾಯಿದೆಯೀಗ ಕೆಲಸದ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿಗಳ ಕುರಿತ 2020ರ ಸಂಹಿತೆಯಲ್ಲಿ ಸೇರಿಹೋಗಿದೆ. ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗೆ ಅದು ಅನ್ವಯಿಸುತ್ತದೆ. ದಿನಕ್ಕೆ 8 ಗಂಟೆ ಎಂಬ ಗೆರೆ ಅದರಲ್ಲಿಯೂ ಉಂಟು. ಕೆಲಸಗಾರನಿಗೆ ನೇಮಕದ ಪತ್ರ ಕೊಡಬೇಕು, ವಾರಕ್ಕೊಂದು ಬಿಡುವು ಇರಬೇಕು, ಹೆಚ್ಚು ಗಂಟೆ ದುಡಿಸಿದರೆ ಎರಡರಷ್ಟು ದರದ ಕೂಲಿ ಕೊಡಬೇಕು. ಒಂದೆರಡು ಗಾಡಿಯ ಮಾಲೀಕನ ಬಳಿ ಈ ರಕ್ಷಣೆ ದೊರೆಯುವುದಿಲ್ಲ. ಆದ್ದರಿಂದ ಅಲ್ಲಿ ನೀವೇ ಕೇಳಿ, ಮಾತು ಗಟ್ಟಿ ಮಾಡಿಕೊಳ್ಳಬೇಕು: ರಾತ್ರಿ ಎಷ್ಟು ಹೊತ್ತು ಓಡಿಸಬೇಕು, ಉದ್ದದ ಹಾದಿಗೆ ಎರಡನೆಯ ಚಾಲಕನುಂಟೇ, ತಿಂಗಳಿಗೆ ಎಷ್ಟು ದಿನ ಮನೆ?

ನಿದ್ದೆಯ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಮೂರು ಸೆಕೆಂಡು ರೆಪ್ಪೆ ಕೂಡಿದರೆ 50 ಮೀಟರ್ ಆಯಿತು. ಚೌಕಾಕಾರದ ಅರ್ಧ ಎಕರೆ ಹೊಲದ ಒಂದು ಬದಿ ಅಷ್ಟಿರುವುದಿಲ್ಲ. ಅಂದರೆ ಕಣ್ಣು ಮುಚ್ಚಿಕೊಂಡು ಹೊಲದ ಈ ಬದುವಿನಿಂದ ಆ ಬದುವಿಗೆ ಇಪ್ಪತ್ತೆಂಟು ಟನ್ನನ್ನು ಓಡಿಸಿದಂತೆ. ಹೋಗಿ ಮುಟ್ಟುವ ಅವಸರ ಮಾಲೀಕನಿಗಿರಬಹುದು. ನಿಮ್ಮ ಅವ್ವನಿಗೆ ನೀವು ಮನೆ ಮುಟ್ಟಿದರೆ ಸಾಕು.

ಆರನೆಯದು, ಕಲಿಸುವವರು ಇದ್ದಾರೆಯೇ ಎಂಬುದು. ಲೈಸೆನ್ಸು ಕೈಗೆ ಬಂದ ದಿನ ನೀವು ಚಾಲಕರಾದಿರಿ ಎಂದು ಸರಕಾರ ಒಪ್ಪಿತು. ರಸ್ತೆ ಇನ್ನೂ ಒಪ್ಪಿರುವುದಿಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವಾಗ ಯಲ್ಲಾಪುರದಾಚೆ ಅರಬೈಲ್ ಘಾಟು ಬರುತ್ತದೆ. ತುಂಬಿದ ಲಾರಿಯನ್ನು ಅಲ್ಲಿ ಬರಿಯ ಬ್ರೇಕಿನ ಮೇಲೆ ಇಳಿಸಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ, ಇಂಜಿನ್ನಿನ ತಡೆಯ ಮೇಲೆ ಇಳಿಯಬೇಕು, ನ್ಯೂಟ್ರಲ್ ಮಾಡಕೂಡದು. ಇದನ್ನು ನಾನು ಮಾತಿನಲ್ಲಿ ಹೇಳಬಲ್ಲೆ, ಪಕ್ಕದಲ್ಲಿ ಕುಳಿತ ಹಳೆಯ ಚಾಲಕನು ನಿಮ್ಮ ಕೈಗೆ ಕಲಿಸಬಲ್ಲ. ಹಗ್ಗ ಬಿಗಿಯುವುದು, ತಾಡಪತ್ರಿ ಹೊದಿಸುವುದು, ಬಿಲ್ಟಿ ಮತ್ತು ಇ-ವೇ ಬಿಲ್ಲಿನ ದಿನಾಂಕ ನೋಡುವುದು, ಚೀಲಗಳನ್ನು ಎಣಿಸಿ ಸಹಿ ಹಾಕುವುದು ಇವೆಲ್ಲವೂ ಆ ಆರು ತಿಂಗಳಿನಲ್ಲಿಯೇ ಬರಬೇಕು. ಸಸಿಯನ್ನು ಮಡಿಯಲ್ಲಿ ಬೆಳೆಸದೆ ಹೊಲಕ್ಕೆ ನೆಡುವ ರೈತನಿಲ್ಲ. ಎರಡನೆಯ ಚಾಲಕನ ಕಡಿಮೆ ಪಗಾರವನ್ನು ನಷ್ಟವೆಂದು ಎಣಿಸಬೇಡಿರಿ. ಅದು ಮಡಿಯ ಕಾಲ. ನನ್ನ ಕಾಗದದ ಮೊದಲ ಕಾಲಮಿನಲ್ಲಿ ನಾನು ಬರೆಯದೆ ಬಿಟ್ಟ ಆದಾಯವೇ ಇದು.

ಏಳನೆಯದು, ಪಗಾರದ ರೀತಿ. ಕೆಲವರು ತಿಂಗಳ ಪಗಾರ ಮತ್ತು ದಿನದ ಭತ್ತೆ ಕೊಡುತ್ತಾರೆ. ಕೆಲವರು ಟ್ರಿಪ್ಪಿಗೆ ಇಷ್ಟು ಎಂದು ಗುತ್ತಿಗೆಯಂತೆ ಕೊಡುತ್ತಾರೆ. ಇವೆರಡನ್ನು ಹೋಲಿಸುವುದು ಹೇಗೆ? ಲೆಕ್ಕಕ್ಕಾಗಿ ಅಂಕಿಗಳನ್ನು ಹಿಡಿಯೋಣ. ಇವು ಯಾವ ಕಂಪನಿಯವೂ ಅಲ್ಲ. ಮೊದಲನೆಯವನು ತಿಂಗಳಿಗೆ 18,000 ರೂಪಾಯಿ ಪಗಾರ, ಹಾದಿಯಲ್ಲಿರುವ 22 ದಿನಕ್ಕೆ 300ರಂತೆ ಭತ್ತೆ ಎನ್ನುತ್ತಾನೆ. ಭತ್ತೆ 6,600 ಆಗಿ, ಒಟ್ಟು 24,600 ಆಯಿತು. ಊಟಕ್ಕೆ ದಿನಕ್ಕೆ 200ರಂತೆ 4,400 ಕಳೆದರೆ 20,200 ಉಳಿಯಿತು. ಎರಡನೆಯವನು ಟ್ರಿಪ್ಪಿಗೆ 3,000, ತಿಂಗಳಿಗೆ ಹತ್ತು ಟ್ರಿಪ್ಪು, 30,000 ಗ್ಯಾರಂಟಿ ಎನ್ನುತ್ತಾನೆ. ಆದರೆ ಲೋಡಿಗಾಗಿ ಕಾಯುವ ದಿನಗಳಿವೆ, ಗ್ಯಾರೇಜಿನ ದಿನಗಳಿವೆ. ಟ್ರಿಪ್ಪು ಏಳೇ ಆದವೆನ್ನಿರಿ, 21,000 ಬಂತು. 28 ದಿನ ಹಾದಿಯಲ್ಲಿದ್ದರೆ ಊಟಕ್ಕೆ 5,600 ಹೋಯಿತು. ಮುಂಗಡದ ಕಂತು 3,000 ಹೋಯಿತು. ಉಳಿದದ್ದು 12,400. ಇದರಲ್ಲಿ ಕಡಿಮೆ ಬಿದ್ದ ಸರಕಿಗೆ ಕಡಿತ, ದಂಡ ಇವನ್ನು ನಾನು ಹಿಡಿದಿಲ್ಲ. ಆದುದರಿಂದ ಹೇಳುವ ಮೊತ್ತವನ್ನು ಕೇಳಿ ಬರಬೇಡಿರಿ. ಕಾಯುವ ದಿನಕ್ಕೆ ಏನು ಕೊಡುತ್ತೀರಿ, ಪಂಕ್ಚರು ಯಾರದು, ಟೋಲು ಯಾರದು, ಡೀಸೆಲು ಕಡಿಮೆ ಬಿದ್ದರೆ ಯಾರದು ಎಂದು ಕೇಳಿ ಬರೆದುಕೊಳ್ಳಿರಿ. ಟ್ರಿಪ್ ಲೆಕ್ಕದಲ್ಲಿ ನಿದ್ದೆ ಮಾಡಿದ ಗಂಟೆಗೆ ಹಣವಿಲ್ಲ. ಮಾಲೀಕನು ಬೈಯದಿದ್ದರೂ ನಿಮ್ಮ ಹೊಟ್ಟೆಯೇ ನಿಮ್ಮನ್ನು ಓಡಿಸುತ್ತದೆ.

ಪಗಾರ ಬ್ಯಾಂಕಿನ ಖಾತೆಗೆ ಬರುವುದೇ, ಭವಿಷ್ಯನಿಧಿ ಮತ್ತು ಇ.ಎಸ್.ಐ. ಉಂಟೇ ಎಂಬುದನ್ನೂ ಕೇಳಿರಿ. ನಿಮ್ಮಿಂದ ಹಿಡಿಯುವ ಭವಿಷ್ಯನಿಧಿಯ ಹಣಕ್ಕೆ ಮಾಲೀಕನೂ ತನ್ನ ಪಾಲು ಕೂಡಿಸಬೇಕು. ನಿಮ್ಮ ನಂಬರಿನ ಖಾತೆಯನ್ನು ಫೋನಿನಲ್ಲಿಯೇ ನೋಡಬಹುದು. ಹಿಡಿದದ್ದು ಕಟ್ಟಿದ್ದಾರೆಯೇ ಎಂದು ಮೂರು ತಿಂಗಳಿಗೊಮ್ಮೆಯಾದರೂ ನೋಡಿರಿ. ಇದಲ್ಲದೆ ನಮ್ಮ ರಾಜ್ಯವು ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ 2024ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಹೆಸರು ನೋಂದಾಯಿಸುವ ಬಗೆಯನ್ನು ವಿಚಾರಿಸಿರಿ. ಒಂದು ಗಾಡಿಯ ಮಾಲೀಕನ ಬಳಿ ದುಡಿಯುವವನಿಗೆ ಇದು ಹೆಚ್ಚು ಅವಶ್ಯ.

ಎಂಟನೆಯದು, ಯಾವ ಸರಕಿನ ಮೇಲೆ ಆ ಕಂಪನಿ ನಿಂತಿದೆ ಎಂಬುದು. ಇದಕ್ಕೆ ದೂರ ಹೋಗುವುದು ಬೇಡ, ಹೊಳೆಯಾಚೆಯ ಬಳ್ಳಾರಿ ಸೀಮೆಯನ್ನು ನೆನೆಯಿರಿ. ಅದಿರಿನ ಕಾಲದಲ್ಲಿ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಯ ಹಾದಿಯಲ್ಲಿ ಕೆಂಪು ಧೂಳಿನ ಲಾರಿಗಳು ಸಾಲುಗಟ್ಟಿ ಬಂದರಿಗೆ ಹೋಗುತ್ತಿದ್ದವು. ಸಾಲ ಮಾಡಿ ಲಾರಿ ಕೊಂಡವರಿದ್ದರು, ಬೇರೆ ಕಸುಬು ಬಿಟ್ಟು ಚಾಲಕರಾದವರಿದ್ದರು. 2010ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿಗಳು ನಿಂತಲ್ಲಿಯೇ ನಿಂತವು. ಅದಿರನ್ನೇ ನಂಬಿದ ಚಾಲಕನಿಗೆ ಮರುದಿನ ಕೆಲಸವಿಲ್ಲ. ಒಂದೇ ಬೆಳೆಯನ್ನು ಹೊಲವೆಲ್ಲಾ ಬಿತ್ತಬೇಡಿರಿ ಎಂದು ನಾನು ಯಾವಾಗಲೂ ಹೇಳುತ್ತೇನಲ್ಲ, ಇದೂ ಅದೇ. ಕಬ್ಬಿನ ಹಂಗಾಮಿಗೆ ಮಾತ್ರ ಓಡುವ ಗಾಡಿಗೆ ಹತ್ತಿದರೆ ಹಂಗಾಮು ಮುಗಿದ ಮೇಲೆ ಏನೆಂದು ಮೊದಲೇ ಕೇಳಿರಿ. ಪಾರ್ಸಲ್, ಕಿರಾಣಿ, ಔಷಧ, ಹಾಲು ಇಂಥವು ವರ್ಷವಿಡೀ ಸಾಗುವ ಸರಕುಗಳು. ಪೆಟ್ರೋಲು, ಗ್ಯಾಸು, ಆಮ್ಲಗಳಂಥ ಅಪಾಯದ ಸರಕಿಗೆ ಬೇರೆ ತರಬೇತಿಯೂ ಲೈಸೆನ್ಸಿನಲ್ಲಿ ಬೇರೆ ನಮೂದೂ ಬೇಕು. ಹೊಸಬರು ಅವಸರದಿಂದ ಅಲ್ಲಿಗೆ ಕೈಹಾಕಬಾರದು.

ಇವೆಲ್ಲವನ್ನೂ ಕಂಪನಿಯ ಕಚೇರಿಯಲ್ಲಿ ಕೇಳಿದರೆ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧವನ್ನು ಅಲ್ಲಿನ ಚಾಲಕರಿಂದಲೇ ತಿಳಿಯಬೇಕು. ಗದಗಿನ ಎ.ಪಿ.ಎಂ.ಸಿ. ಆವರಣಕ್ಕೋ ಹುಬ್ಬಳ್ಳಿಯ ಲಾರಿ ನಿಲ್ದಾಣಕ್ಕೋ ಒಂದು ದಿನ ಬುತ್ತಿ ಕಟ್ಟಿಕೊಂಡು ಹೋಗಿರಿ. ಆ ಕಂಪನಿಯ ಗಾಡಿ ಕಂಡಲ್ಲಿ ಚಾಲಕನಿಗೆ ಚಹಾ ಕುಡಿಸಿ ಮೂರೇ ಪ್ರಶ್ನೆ ಕೇಳಿರಿ. “ಅಣ್ಣಾರ, ಇಲ್ಲಿ ಎಷ್ಟ ವರ್ಷ ಆತ್ರಿ? ಪಗಾರ ಯಾವ ತಾರೀಖಿಗೆ ಬರತೈತ್ರಿ? ಹೋದ ಸಲ ಗಾಡಿ ಕೆಟ್ಟಾಗ ಮಾಲಕ್ರು ಏನಂದ್ರು?” ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಮಾಲೀಕನ ಗುಣವೆಲ್ಲಾ ಇರುತ್ತದೆ. ಅಪಘಾತವಾದರೆ ಏನು ಮಾಡಲು ಹೇಳಿದ್ದಾರೆಂದೂ ಕೇಳಿರಿ. ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸಿ ಪೊಲೀಸರಿಗೆ ತಿಳಿಸುವುದು ಕಾಯಿದೆ ಹೇಳುವ ಕರ್ತವ್ಯ. ಜನ ರೊಚ್ಚಿಗೆದ್ದು ಜೀವಕ್ಕೆ ಅಪಾಯವೆನಿಸಿದರೆ ನೇರವಾಗಿ ಠಾಣೆಗೆ ಹೋಗಬೇಕು. “ಫೋನು ಬಂದು ಮಾಡಿ ಓಡಿಬಿಡು” ಎಂದು ಕಲಿಸುವ ಕಡೆ ನಿಮ್ಮ ಹೆಸರನ್ನು ಬರೆಸಬೇಡಿರಿ.

ಇನ್ನೂ ಲೈಸೆನ್ಸು ಮಾಡಿಸದವರಿಗೆ ಎರಡು ಮಾತು. ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಿರಬೇಕು. ಲಘು ಮೋಟಾರು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾದ ಮೇಲೆಯೇ ಭಾರೀ ವಾಹನದ ಕಲಿಕೆಯ ಲೈಸೆನ್ಸು ಸಿಗುತ್ತದೆ. ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ಲಘು ವಾಹನದ ಲೈಸೆನ್ಸಿದ್ದವನು ಒಟ್ಟು 7,500 ಕಿಲೋಗ್ರಾಮಿನವರೆಗಿನ ಸರಕು ವಾಹನವನ್ನೂ ನಡೆಸಬಹುದು. ಆದುದರಿಂದ ಮೊದಲ ಒಂದೆರಡು ವರ್ಷ ತರಕಾರಿ, ಕಿರಾಣಿ ಸಾಗಿಸುವ ಚಿಕ್ಕ ಗಾಡಿಯಲ್ಲಿ ಕೈ ಪಳಗಿಸಿಕೊಂಡು ಆಮೇಲೆ ದೊಡ್ಡದಕ್ಕೆ ಏರುವುದು ಒಳ್ಳೆಯ ದಾರಿ. ದಲ್ಲಾಳಿಯ ಕೈಗೆ ಹಣ ಕೊಟ್ಟು, ಗಾಡಿ ಮುಟ್ಟದೆಯೇ ಲೈಸೆನ್ಸು ಮಾಡಿಸುವವನು ತನ್ನ ಪರೀಕ್ಷೆಯನ್ನು ರಸ್ತೆಯ ಮೇಲೆ ಬರೆಯಬೇಕಾಗುತ್ತದೆ.

“ಇಷ್ಟೆಲ್ಲಾ ಕೇಳಿದರೆ ನಮಗೆ ಕೆಲಸ ಯಾರು ಕೊಡುತ್ತಾರೆ?” ಎಂದು ಹಿಂದಿನ ಸಾಲಿನ ತರುಣರು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಪ್ರಶ್ನೆ ಸರಿಯಾಗಿದೆ. ಎಂಟೂ ಗುರುತುಗಳು ಸರಿಯಾಗಿರುವ ಮಾಲೀಕನು ಮೊದಲ ದಿನವೇ ಸಿಗಲಿಕ್ಕಿಲ್ಲ. ಪಗಾರದಲ್ಲಿ, ಗಾಡಿಯ ಹೊಸತನದಲ್ಲಿ, ಸರಕಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಒಪ್ಪಿಕೊಳ್ಳಿರಿ. ಆದರೆ ನಾಲ್ಕರಲ್ಲಿ ಮಾತ್ರ ಬಗ್ಗಬೇಡಿರಿ: ಲೈಸೆನ್ಸು ನಿಮ್ಮ ಕಿಸೆಯಲ್ಲಿರಬೇಕು, ಮುಂಗಡದ ಕಟ್ಟು ಇರಬಾರದು, ವಿಮೆ ಮತ್ತು ಎಫ್.ಸಿ. ಜೀವಂತವಿರಬೇಕು, ನಿದ್ದೆ ಬಂದಾಗ ಗಾಡಿ ನಿಲ್ಲಿಸಲು ಬಿಡಬೇಕು. ಈ ನಾಲ್ಕು ಇದ್ದಲ್ಲಿ ಒಂದು ವರ್ಷ ನಿಂತು ಕೆಲಸ ಕಲಿಯಿರಿ. ವರ್ಷದ ಕೊನೆಗೆ ಕಲೆಯಿಲ್ಲದ ಲೈಸೆನ್ಸು, ಪಳಗಿದ ಕೈ, ನಾಲ್ಕು ಜನ ಹಿರಿಯ ಚಾಲಕರ ಪರಿಚಯ ಇದ್ದವನನ್ನು ಕಂಪನಿಗಳೇ ಹುಡುಕಿಕೊಂಡು ಬರುತ್ತವೆ.

ತಾಯಂದಿರಲ್ಲಿಯೂ ಒಂದು ವಿನಂತಿ. ಮಗನು ರಾತ್ರಿ ಫೋನು ಮಾಡಿ “ನಿದ್ದೆ ಬರ್ತೈತಿ” ಎಂದರೆ, ಹಣದ ಮಾತನ್ನು ಆಗ ಆಡಬೇಡಿರಿ. “ಗಾಡಿ ಬದಿಗೆ ಹಾಕಿ ಮಲಗು” ಎಂದು ಹೇಳಿರಿ. ಆ ಮಾತನ್ನು ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ಸೋದರಮಾವನ ಮಗ ಈಗ ನಡೆಯುತ್ತಾನೆ, ಸ್ವಲ್ಪ ಕುಂಟುತ್ತಾನೆ. ಮುಂಡರಗಿಯಿಂದ ಗದಗಿಗೆ ತರಕಾರಿ ಒಯ್ಯುವ ಚಿಕ್ಕ ಗಾಡಿ ನಡೆಸುತ್ತಾನೆ. ದಿನಾ ಸಂಜೆ ಮನೆ ಮುಟ್ಟುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಅಂದು ನಾನು ಲೆಕ್ಕ ಹಾಕಿದ ಕಾಗದವನ್ನು ಮಾತ್ರ ನಾನು ಹರಿದು ಹಾಕಿಲ್ಲ, ನನ್ನ ಡೈರಿಯಲ್ಲಿಯೇ ಇಟ್ಟುಕೊಂಡಿದ್ದೇನೆ.

ಯಾವುದಾದರೂ ಕಂಪನಿಗೆ ಸೇರುವವರು ಸಹಿ ಹಾಕುವ ಮೊದಲು ಆ ಕಾಗದವನ್ನು ನನ್ನ ಬಳಿಗೆ ತನ್ನಿರಿ. ಗಾಡಿಯ ನಂಬರನ್ನೂ ತನ್ನಿರಿ. ಕೂಡಿ ಓದೋಣ, ಕೂಡಿ ಲೆಕ್ಕ ಹಾಕೋಣ. ಈ ಸಲ ನಿದ್ದೆಯನ್ನೂ ಲೆಕ್ಕದಲ್ಲಿ ಹಿಡಿಯೋಣ.